ಪಾಸ್‌ವರ್ಡಿಗೊಂದು ಸೀಲು

ನನ್ನ ದೊಡ್ಡಪ್ಪ ರಬ್ಬರ್ ಸೀಲು ಮಾಡುವವರು. ಪರವಾನಗಿ ಕಚೇರಿಯ ಎದುರಿಗೆ, ರಸ್ತೆಯ ಈಚೆ ಮಗ್ಗುಲಲ್ಲಿ, ಮೂವತ್ತನಾಲ್ಕು ವರ್ಷದಿಂದ ಅವರ ಅಂಗಡಿಯಿದೆ. ಅರ್ಧ ಅಂಗಡಿಯಲ್ಲಿ ದೊಡ್ಡಪ್ಪನ ಮೇಜು, ಬ್ಲೇಡು, ರಬ್ಬರ್ ಹಾಳೆ, ಮರದ ಹಿಡಿಗಳು. ಉಳಿದರ್ಧದಲ್ಲಿ ದೊಡ್ಡಮ್ಮನ ಜೆರಾಕ್ಸ್ ಯಂತ್ರ. ಅದಕ್ಕೆ ಅಂಟಿಕೊಂಡ ಕನ್ನಡಕದ ಅಂಗಡಿ ನನ್ನದು. ನಡುವಿನ ಗೋಡೆ ಬರೀ ಹಲಗೆಯದು. ಆ ಕಡೆ ಆಡಿದ ಮಾತೆಲ್ಲ ಈ ಕಡೆ ಬಂದು ಬೀಳುತ್ತದೆ, ಅದರಲ್ಲೂ ದೊಡ್ಡಪ್ಪನ ಮಾತು.

ಬೆಳಿಗ್ಗೆ ಒಂಬತ್ತಕ್ಕೆ ಅವರು ಪೇಪರಿನ ತಂತ್ರಜ್ಞಾನ ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ಒಂದು ವಾಕ್ಯ ಸುದ್ದಿಗೆ ನಾಲ್ಕು ವಾಕ್ಯ ಅಭಿಪ್ರಾಯ.

"ಎಂಟು ಲಕ್ಷ ಗ್ರಾಹಕರ ಮಾಹಿತಿ ಸೋರಿಕೆಯಂತೆ! ಸೋರೋಕೆ ಅದೇನು ಹಿತ್ತಲ ನಲ್ಲೀನಾ? ವಾಷರ್ ಹಾಕೋರು ಒಬ್ರೂ ಇರ್ಲಿಲ್ವಾ? ಕೃತಕ ಬುದ್ಧಿಮತ್ತೆ ಬರತ್ತಂತೆ. ಇರೋ ಬುದ್ಧೀನೇ ಜನ ಖರ್ಚು ಮಾಡದೆ ಹಾಗೇ ಇಟ್ಕೊಂಡಿದಾರೆ. ಸರ್ಕಾರದ ಫೈಲೆಲ್ಲ ಇನ್ಮೇಲೆ ಮೋಡದಲ್ಲಿ ಇಡ್ತಾರಂತೆ ಕಣೇ!"

"ಮೋಡ ಅಂದ್ರೆ ಬೇರೆ ಕಡೆ ಇರೋ ಕಂಪ್ಯೂಟರು, ದೊಡ್ಡಪ್ಪ," ಎಂದು ನಾನು ಹಲಗೆಯ ಈಚೆಯಿಂದ ಕೂಗುತ್ತಿದ್ದೆ.

"ಹಾಗಂತಾನೇ ಹೇಳ್ಬಹುದಿತ್ತಲ್ಲ. ಮೋಡ ಅಂತ ಯಾಕೆ ಅನ್ಬೇಕು? ಏನೋ ಮುಚ್ಚಿಡ್ತಿದಾರೆ."

ಕಂಪ್ಯೂಟರ್ ಭದ್ರತೆಯ ವಿಷಯದಲ್ಲಿ ಅವರಷ್ಟು ಜಾಗರೂಕರನ್ನು ನಾನು ಕಂಡಿಲ್ಲ. ಫೋನಿನ ಕ್ಯಾಮೆರಾಕ್ಕೆ ಟೇಪು, ಫೋನಿಗೆ ಬಿಸ್ಕತ್ತಿನ ಡಬ್ಬಿ, ಡಬ್ಬಿಗೆ ಬೀಗ. ಫೋನು ಬಂದರೆ ಡಬ್ಬಿ ಅಲ್ಲಾಡುತ್ತಿತ್ತು. ಕೀಲಿ ಹುಡುಕುವಷ್ಟರಲ್ಲಿ ಅದು ಸುಮ್ಮನಾಗುತ್ತಿತ್ತು. ಒಮ್ಮೆ ಜೆರಾಕ್ಸ್ ಯಂತ್ರದ ಗಾಜಿಗೂ ಟೇಪು ಅಂಟಿಸಿಬಿಟ್ಟಿದ್ದರು. ಅಂದು ಬೆಳಿಗ್ಗೆ ಬಂದವರಿಗೆಲ್ಲ ದೊಡ್ಡಮ್ಮ ನಡುವೆ ಕಪ್ಪು ಪಟ್ಟಿಯಿರುವ ಪ್ರತಿಗಳನ್ನೇ ಕೊಟ್ಟು ಬೈಸಿಕೊಂಡರು.

"ರೀ, ಅದು ನೋಡ್ಲೇಬೇಕು. ನೋಡೋದೇ ಅದರ ಕೆಲಸ."

"ಇವತ್ತು ಕಾಗದ ನೋಡತ್ತೆ, ನಾಳೆ?"

"ನಾಳೇನೂ ಕಾಗದಾನೇ ನೋಡತ್ತೆ. ನಿಮ್ಮನ್ನ ನೋಡೋಕೆ ನಾನೊಬ್ಳು ಸಾಲ್ದಾ?" ಎಂದು ದೊಡ್ಡಮ್ಮ ಟೇಪು ಕಿತ್ತು ಅವರ ಮೇಜಿಗೇ ಅಂಟಿಸಿದರು.

ಹೀಗಿರುವಾಗ ಸರ್ಕಾರ 'ಕಾಗದರಹಿತ ಆಡಳಿತ ಮತ್ತು ಗಣಕ ಭದ್ರತಾ ನೀತಿ' ಎಂಬ ಕರಡನ್ನು ಹೊರಡಿಸಿತು. ಅದನ್ನು ಮೊದಲು ಪರೀಕ್ಷೆಗೆ ಹಚ್ಚಿದ್ದು ನಮ್ಮೆದುರಿನ ಪರವಾನಗಿ ಕಚೇರಿಯಲ್ಲೇ. ಒಂದನೇ ತಾರೀಖಿನಿಂದ ಅಲ್ಲಿ ಕಾಗದವಿಲ್ಲ, ಮೊಹರಿಲ್ಲ, ಎಲ್ಲವೂ ಕಂಪ್ಯೂಟರಿನಲ್ಲಿ. ಒಂದು ದೊಡ್ಡ ಗೋಣಿಚೀಲ ತಂದು ಎಲ್ಲರ ಮೇಜಿನ ಸೀಲು, ಮಸಿ ಪ್ಯಾಡುಗಳನ್ನು ತುಂಬಿಕೊಂಡು ಹೋದರು. ಮೂವತ್ತನಾಲ್ಕು ವರ್ಷದ ತಮ್ಮ ಕೆತ್ತನೆ ಗೋಣಿಚೀಲದಲ್ಲಿ ಮೆಟ್ಟಿಲಿಳಿದು ಬರುವುದನ್ನು ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡಿದರು. ಅಂದು ತಂತ್ರಜ್ಞಾನ ಪುಟ ಓದಲಿಲ್ಲ.

ಆದರೆ ಆ ನೀತಿಯಲ್ಲಿ ಇನ್ನೊಂದು ಕಲಮು ಇತ್ತು. ಕಚೇರಿಯ ಪ್ರತಿಯೊಬ್ಬರ ಪಾಸ್‌ವರ್ಡಿನಲ್ಲಿ ಹದಿನಾರು ಅಕ್ಷರ ಇರಬೇಕು; ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆತಿರಬೇಕು; ಅದನ್ನು ಕಂಪ್ಯೂಟರೇ ಕೊಡುತ್ತದೆ, ಹದಿನೈದು ದಿನಕ್ಕೊಮ್ಮೆ ಬದಲಾಯಿಸುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಂಡದ್ದು ಸಿಕ್ಕರೆ ಶಿಸ್ತುಕ್ರಮ.

ಆ ಕಚೇರಿಯ ಹಿರಿಯ ಗುಮಾಸ್ತರಿಗೆ ಬೀದಿಯವರೆಲ್ಲ ಉಸ್ಸಪ್ಪ ಎನ್ನುತ್ತಿದ್ದರು. ಕೂತರೂ 'ಉಸ್ಸಪ್ಪಾ', ಎದ್ದರೂ 'ಉಸ್ಸಪ್ಪಾ' ಎನ್ನುವ ಮನುಷ್ಯ. ಮೂರನೇ ತಾರೀಖು ಮಧ್ಯಾಹ್ನ ಅವರು ರಸ್ತೆ ದಾಟಿ ಬಂದು, ಆಚೀಚೆ ನೋಡಿ, ಒಂದು ಚೀಟಿಯನ್ನು ದೊಡ್ಡಪ್ಪನ ಮುಂದಿಟ್ಟರು.

"ಇದೊಂದು ಸೀಲು ಆಗ್ಬೇಕಲ್ಲ. ಚಿಕ್ಕದು, ಜೇಬಲ್ಲಿ ಹಿಡಿಯೋ ಹಾಗೆ."

ದೊಡ್ಡಪ್ಪ ಚೀಟಿ ನೋಡಿದರು. ಅರ್ಥವಿಲ್ಲದ ಹದಿನಾರು ಅಕ್ಷರ. "ಏನ್ರೀ ಇದು? ಯಾರ ಹೆಸರೂ ನಕ್ಷತ್ರದ ಗುರುತಿಂದ ಶುರುವಾಗೋದು ನಾನು ಕಂಡಿಲ್ಲ."

"ಕಾಗದದ ಮೇಲೆ ಬರೀಬಾರ್ದು ಅಂದಿದಾರೆ. ರಬ್ಬರಿನ ಮೇಲೆ ಬರೀಬಾರ್ದು ಅಂತ ಎಲ್ಲೂ ಇಲ್ಲ," ಎಂದರು ಉಸ್ಸಪ್ಪ. "ನಾನು ಎರಡು ಸಲ ಓದ್ಕೊಂಡು ಬಂದಿದೀನಿ."

ದೊಡ್ಡಪ್ಪ ಚೀಟಿಯನ್ನು ಬೋರಲು ಹಾಕಿದರು. ಪಾಸ್‌ವರ್ಡನ್ನು ಹೆಂಡತಿಗೂ ಹೇಳಬಾರದು ಎಂದು ಬೀದಿಗೆಲ್ಲ ಉಪದೇಶಿಸಿದವರು ಅವರು. ಆದರೆ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದವರೂ ಅಲ್ಲ. ಕೊನೆಗೆ ಬ್ಲೇಡು ಎತ್ತಿಕೊಂಡರು. ಮಾಡಿದ ಪ್ರತಿ ಸೀಲಿನದೂ ಒಂದು ಗುರುತನ್ನು ಮಾದರಿ ಪುಸ್ತಕದಲ್ಲಿ ಒತ್ತಿಡುವುದು ಅವರ ಪದ್ಧತಿ, ಇದನ್ನು ಒತ್ತಲಿಲ್ಲ. ಚೀಟಿಯನ್ನು ಹರಿದರೆ ಯಾರಾದರೂ ಜೋಡಿಸಿ ಓದಿಯಾರು ಎಂದು ಚಹಾದ ಜೊತೆ ಅಗಿದು ನುಂಗಿಬಿಟ್ಟರು.

ಅಂದು ಸಂಜೆ ಹೊಟ್ಟೆ ಹಿಡಿದುಕೊಂಡು ಕೂತಿದ್ದವರನ್ನು ದೊಡ್ಡಮ್ಮ, "ಏನ್ ತಿಂದ್ರಿ?" ಎಂದು ಕೇಳಿದರೆ, "ಗೌಪ್ಯ," ಎಂದರು.

ಉಸ್ಸಪ್ಪನ ಬಾಯಲ್ಲಿ ನಿಲ್ಲುವ ಸಂಗತಿಯೇ ಇದು? ಎರಡು ತಿಂಗಳಾಗುವಷ್ಟರಲ್ಲಿ ಕಚೇರಿಯ ಏಳು ಜನ ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ಒಬ್ಬರಿಗೊಬ್ಬರು ಗೊತ್ತಾಗಬಾರದೆಂದು ಕನ್ನಡಕ ನೋಡುವ ನೆಪದಲ್ಲಿ ನನ್ನ ಅಂಗಡಿಗೆ ಬಂದು ಕಾಯುತ್ತಿದ್ದರು. ಕಣ್ಣು ಸರಿಯಿದ್ದವರೆಲ್ಲ ಕನ್ನಡಿಯ ಮುಂದೆ ನಿಂತು ಚೌಕಟ್ಟು ಬದಲಾಯಿಸಿದ್ದೇ ಬದಲಾಯಿಸಿದ್ದು. ಮೊಹರನ್ನು ಕೊಲ್ಲಲು ಬಂದ ನೀತಿಯಿಂದ ದೊಡ್ಡಪ್ಪನಿಗೆ ಹಿಂದೆಂದೂ ಇಲ್ಲದಷ್ಟು ಕೆಲಸ. ಚೀಟಿ ನುಂಗುವುದನ್ನು ಬಿಟ್ಟು ಒಲೆಗೆ ಹಾಕಲು ಶುರು ಮಾಡಿದ್ದರು; ವೈದ್ಯರು ಹೇಳಿದ್ದರಂತೆ.

ಅಷ್ಟರಲ್ಲಿ ಪೇಪರಿನ ಒಳಪುಟದ ಮೂಲೆಯಲ್ಲಿ ಪ್ರಕಟಣೆ ಬಂತು: ಸದರಿ ಕರಡು ನೀತಿಯ ಬಗ್ಗೆ ಸಾರ್ವಜನಿಕರು ತಮ್ಮ ಅಭಿಪ್ರಾಯಗಳನ್ನು ಮೂವತ್ತು ದಿನದೊಳಗೆ ಸಲ್ಲಿಸಬಹುದು.

ದೊಡ್ಡಪ್ಪ ಅದನ್ನು ಎದ್ದು ನಿಂತು ಓದಿದರು. "ನೋಡೇ, ನನ್ನ ಅಭಿಪ್ರಾಯ ಕೇಳಿದಾರೆ!"

"ನಿಮ್ಮದಲ್ಲ, ಸಾರ್ವಜನಿಕರದ್ದು," ಎಂದರು ದೊಡ್ಡಮ್ಮ.

"ನಾನ್ಯಾರು ಮತ್ತೆ?"

ಇಪ್ಪತ್ತೆಂಟು ದಿನ ಬರೆದರು. ನಲವತ್ತೆರಡು ಪುಟ, ಕೈಬರಹ, ಪ್ರತಿ ಪುಟದ ಕೆಳಗೂ ಅಂಗಡಿಯ ಸೀಲು. ಚಹಾದ ವೇಳೆಯಲ್ಲಿ ಸರ್ಕಾರಿ ಕಂಪ್ಯೂಟರುಗಳಿಗೆಲ್ಲ ಬಟ್ಟೆ ಹೊದಿಸಬೇಕು. 'ಮೋಡ' ಎಂಬ ಪದವನ್ನು ಸರ್ಕಾರಿ ಕಡತಗಳಲ್ಲಿ ಬಳಸಬಾರದು. ಫೈಲು ಅಳಿಸುವ ಮೊದಲು ಗಂಟೆ ಬಾರಿಸಬೇಕು. ಹೀಗೆ ಸಾಗಿತ್ತು. ಹತ್ತೊಂಬತ್ತನೇ ಪುಟಕ್ಕೆ ಬಂದಾಗ ಮಾತ್ರ ಪೆನ್ನು ನಿಂತುಬಿಟ್ಟಿತು. ಎರಡು ದಿನ ಒಂದಕ್ಷರ ಬರೆಯಲಿಲ್ಲ. ನಾನು ಹೋಗಿ ಏನಾಯಿತೆಂದು ಕೇಳಿದೆ.

"ಪಾಸ್‌ವರ್ಡು ಪದೇಪದೇ ಬದಲಾಯ್ಸೋದು ಮೂರ್ಖತನ ಕಣೇ. ನೆನಪಲ್ಲಿ ಇಟ್ಕೊಳ್ಳೋಕಾಗದೆ ಜನ ಎಲ್ಲೆಲ್ಲೋ ಬರೆದಿಡ್ತಾರೆ. ಒಂದೇ ಉದ್ದನೇದು, ನೆನಪಲ್ಲಿ ಉಳಿಯೋವಂಥದ್ದು ಸಾಕು. ನನಗಿದು ಚೆನ್ನಾಗಿ ಗೊತ್ತು."

"ಹಾಗೇ ಬರೀರಿ ಮತ್ತೆ."

ಅವರು ಕಿಟಕಿಯಾಚೆ ನೋಡಿದರು. ಕಚೇರಿಯ ಟೈಪಿಸ್ಟಮ್ಮ ಚೀಟಿ ಮುಷ್ಟಿಯಲ್ಲಿ ಹಿಡಿದು ರಸ್ತೆ ದಾಟುತ್ತಿದ್ದರು. "ಬರೆದ್ರೆ ಆ ಏಳು ಜನ ಬರೋದು ನಿಲ್ಲುತ್ತೆ," ಎಂದರು ಮೆಲ್ಲಗೆ. ಆಮೇಲೆ, "ಆದರೂ ಸರಿ ಯಾವುದೋ ಅದೇ ಸರಿ," ಎಂದು ಪೆನ್ನು ಎತ್ತಿಕೊಂಡರು. ದೊಡ್ಡಪ್ಪನ ಬಗ್ಗೆ ನನಗೆ ಹೆಮ್ಮೆ ಅನ್ನಿಸಿದ ಗಳಿಗೆ ಅದು. ಅದರ ಹಿಂದಿನ ಪುಟದಲ್ಲಿ ಗಂಟೆಯ ವಿಷಯ ಇತ್ತು ಎನ್ನುವುದು ಬೇರೆ ಮಾತು.

ಇಡೀ ಊರಿನಿಂದ ಸಲ್ಲಿಕೆಯಾದ ಅಭಿಪ್ರಾಯ ಒಂದೇ ಒಂದು: ದೊಡ್ಡಪ್ಪನದು. ಒಂದೂ ಬಾರದಿದ್ದರೆ ನೀತಿ ತಾನಾಗಿ ಜಾರಿಯಾಗುತ್ತಿತ್ತು. ಒಂದು ಬಂದರೂ ಸಮಿತಿ ಕೂತು ಆಲಿಸಲೇಬೇಕಿತ್ತು. ಹಾಗಾಗಿ ಒಂದು ಬುಧವಾರ ಹನ್ನೊಂದು ಗಂಟೆಗೆ ಪರವಾನಗಿ ಕಚೇರಿಯ ಮಹಡಿಯಲ್ಲಿ ಸಭೆ ಕರೆದರು. ಕಡತ ಹೊತ್ತುಕೊಂಡು ನಾನೂ ಹೋದೆ. ಮೇಜಿನ ಆ ತುದಿಗೆ ಸಮಿತಿಯ ಅಧ್ಯಕ್ಷೆ, ಪಕ್ಕದಲ್ಲಿ ಆ ವ್ಯವಸ್ಥೆಯನ್ನು ರೂಪಿಸಿದ ತಜ್ಞರು, ಈ ತುದಿಗೆ ಇಡೀ ಸಾರ್ವಜನಿಕರು, ಅಂದರೆ ದೊಡ್ಡಪ್ಪ.

"ಮೊದಲು ಇದು ಎಷ್ಟು ಸುಲಭ, ಎಷ್ಟು ಭದ್ರ ಅಂತ ತೋರಿಸ್ತೀವಿ," ಎಂದರು ತಜ್ಞರು. ತೋರಿಸಲು ಕರೆದದ್ದು ಉಸ್ಸಪ್ಪನನ್ನು.

ಉಸ್ಸಪ್ಪ "ಉಸ್ಸಪ್ಪಾ" ಎಂದು ಕೂತರು. ದೊಡ್ಡ ಪರದೆಯ ಮೇಲೆ ಪಾಸ್‌ವರ್ಡು ಕೇಳುವ ಖಾಲಿ ಚೌಕ ಮೂಡಿತು. ಅವರ ಎಡಗೈ ಮೇಜಿನ ಕೆಳಗೆ ಹೋಯಿತು. ನಾನು ಕೂತಲ್ಲಿಂದ ಕಾಣುತ್ತಿತ್ತು: ಕೈಯಲ್ಲಿ ಪುಟ್ಟ ಸೀಲು. ಒತ್ತಿ ನೋಡೋಣವೆಂದರೆ ಕಚೇರಿಯಲ್ಲಿ ಮಸಿ ಪ್ಯಾಡೇ ಇಲ್ಲ. ದಿನವೂ ಸೀಲಿಗೆ ಬಾಯಿಯ ಹಬೆ ಊದಿ ಹೇಗೋ ಅಂಗೈಗೆ ಒತ್ತಿಕೊಳ್ಳುತ್ತಿದ್ದರಂತೆ, ಅದನ್ನು ಅಧ್ಯಕ್ಷೆಯ ಮುಂದೆ ಮಾಡುವುದು ಹೇಗೆ? ರಬ್ಬರನ್ನೇ ನೋಡಿಕೊಂಡು ಬಲದಿಂದ ಎಡಕ್ಕೆ ಓದುತ್ತ ಕೀಲಿಗಳನ್ನು ಒತ್ತತೊಡಗಿದರು. ಸೀಲಿನಲ್ಲಿ ಅಕ್ಷರ ತಿರುಗುಮುರುಗಲ್ಲವೇ? ಬಿ ಇದ್ದದ್ದು ಡಿ ಆಗಿ ಕಂಡಿತು, ಪಿ ಇದ್ದದ್ದು ಕ್ಯೂ ಆಯಿತು.

ತಪ್ಪು, ಎಂದಿತು ಪರದೆ. ಮತ್ತೊಮ್ಮೆ ಒತ್ತಿದರು. ಮತ್ತೂ ತಪ್ಪು. ಆಮೇಲೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬಂತು: ಇನ್ನೊಮ್ಮೆ ತಪ್ಪಿದರೆ ಇಡೀ ಕಚೇರಿಯ ಖಾತೆ ಒಂದು ವಾರ ಮುಚ್ಚಲ್ಪಡುತ್ತದೆ.

ಕೆಳಗೆ ಹಜಾರದಲ್ಲಿ ಪರವಾನಗಿಗೆ ಬಂದ ಅರವತ್ತು ಜನ ಕಾಯುತ್ತಿದ್ದರು. ಉಸ್ಸಪ್ಪನ ಹಣೆಯಿಂದ ಬೆವರು ಕೀಲಿಮಣೆಯ ಮೇಲೆ ಬಿತ್ತು. ದೊಡ್ಡಪ್ಪ ಸುಮ್ಮನೆ ಕೂತಿದ್ದರೆ ಸಾಕಿತ್ತು. ನಲವತ್ತೆರಡು ಪುಟ ಓದುವ ಅಗತ್ಯವೇ ಇರಲಿಲ್ಲ, ವಾದ ತಾನಾಗಿ ಗೆಲ್ಲುತ್ತಿತ್ತು. ಅವರು ಒಮ್ಮೆ ಪರದೆ ನೋಡಿದರು, ಒಮ್ಮೆ ಉಸ್ಸಪ್ಪನ ಮುಖ ನೋಡಿದರು. ಆಮೇಲೆ ಅಂಗಿಯ ಜೇಬಿನಿಂದ ಚಿಕ್ಕ ಮಸಿ ಪ್ಯಾಡು ತೆಗೆದು, ಮುಚ್ಚಳ ಬಿಚ್ಚಿ, ಮೇಜಿನ ಮೇಲೆ ಮೆಲ್ಲಗೆ ಅವರ ಕಡೆ ತಳ್ಳಿದರು.

ಉಸ್ಸಪ್ಪ ಅದನ್ನು ನೋಡಿದ್ದೇ ತಡ, ಮಾನ ಮರ್ಯಾದೆ ಎಲ್ಲ ಬಿಟ್ಟು ಸೀಲನ್ನು ಪ್ಯಾಡಿಗೆ ಒತ್ತಿ, ತಮ್ಮ ಅಂಗೈಗೆ ಢಬ್ ಎಂದು ಹೊಡೆದುಕೊಂಡರು. ನೇರಳೆ ಬಣ್ಣದಲ್ಲಿ ಹದಿನಾರು ಅಕ್ಷರ ಸ್ಪಷ್ಟವಾಗಿ ಮೂಡಿದವು. ಅದನ್ನು ನೋಡಿಕೊಂಡು ಕೀಲಿ ಒತ್ತಿದರು. ಪರದೆ ತೆರೆದುಕೊಂಡಿತು.

"ಏನ್ರೀ ಅದು ಕೈ ಮೇಲೆ?" ಎಂದರು ಅಧ್ಯಕ್ಷೆ.

"ಪಾಸ್‌ವರ್ಡು, ಮೇಡಂ."

"ಸೀಲು ಮಾಡ್ಸಿದೀರಾ?"

"ಹದಿನೈದು ದಿನಕ್ಕೊಂದ್ಸಲ ಬದಲಾಗತ್ತೆ, ಮೇಡಂ. ನನಗೆ ಮೊಮ್ಮಗಳ ಹೆಸರೇ ಎರಡನೇ ಸಲಕ್ಕೆ ನೆನಪಾಗೋದು."

"ಯಾರು ಮಾಡಿಕೊಟ್ಟಿದ್ದು?"

ಉಸ್ಸಪ್ಪ ಬಾಯಿ ಬಿಡುವ ಮೊದಲೇ ದೊಡ್ಡಪ್ಪ ಎದ್ದು ನಿಂತರು. "ನನ್ನ ಗಿರಾಕಿಗಳ ವಿಷಯ ನಾನು ಯಾರಿಗೂ ಹೇಳಲ್ಲ."

"ಓಹೋ, ನೀವೇನಾ? ಇನ್ನೂ ಎಷ್ಟು ಜನಕ್ಕೆ ಮಾಡಿದೀರಿ?"

"ಅದೂ ಹೇಳಲ್ಲ. ಪ್ರಾಣ ಹೋದ್ರೂ ಹೇಳಲ್ಲ. ಏಳನೇದಕ್ಕೆ ಇನ್ನೂ ಹಿಡಿ ಅಂಟಿಸ್ಬೇಕು."

ತಜ್ಞರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಧ್ಯಕ್ಷೆ ಇದ್ದಕ್ಕಿದ್ದಂತೆ ನಗತೊಡಗಿದರು. ನಗುತ್ತಲೇ ಚೀಲದಿಂದ ಕನ್ನಡಕದ ಪೆಟ್ಟಿಗೆ ತೆಗೆದು, ಮುಚ್ಚಳದ ಒಳಗಿನ ಚಿಕ್ಕ ಬರಹವನ್ನು ತಜ್ಞರಿಗೆ ತೋರಿಸಿದರು. ಅಲ್ಲಿಯೂ ಹದಿನಾರು ಅಕ್ಷರ. "ಇದೂ ಕಾಗದ ಅಲ್ಲ, ಬಟ್ಟೆ," ಎಂದರು.

ಹತ್ತೊಂಬತ್ತನೇ ಪುಟ ಅಂದೇ ಅಂಗೀಕಾರವಾಯಿತು. ನೆನಪಿನಲ್ಲಿ ಉಳಿಯುವಂಥ ಒಂದೇ ಒಂದು ಉದ್ದನೆಯ ಪಾಸ್‌ವರ್ಡನ್ನು ಅವರವರೇ ಆರಿಸಿಕೊಳ್ಳಬಹುದು. ಕಳ್ಳತನದ ಅನುಮಾನ ಬಂದಾಗ ಮಾತ್ರ ಬದಲಾಯಿಸಿದರೆ ಸಾಕು. ಉಳಿದ ನಲವತ್ತೊಂದು ಪುಟಗಳನ್ನು 'ಗಮನಿಸಲಾಗಿದೆ' ಎಂದು ಪಕ್ಕಕ್ಕಿಟ್ಟರು. ಗಂಟೆಯ ಸಲಹೆ ಬಿದ್ದುಹೋದದ್ದು ದೊಡ್ಡಪ್ಪನಿಗೆ ಇಂದಿಗೂ ಬೇಜಾರು.

ಏಳು ಜನ ರಸ್ತೆ ದಾಟುವುದು ನಿಂತಿತು. ಒಂದು ತಿಂಗಳು ಅಂಗಡಿ ಭಣಭಣ ಅನ್ನುತ್ತಿತ್ತು. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಪರವಾನಗಿ ಪಡೆದವರೆಲ್ಲ ದೊಡ್ಡಮ್ಮನ ಹತ್ತಿರ ಬಂದು ಅದನ್ನು ಅಚ್ಚು ಹಾಕಿಸಿಕೊಳ್ಳಲು ಶುರು ಮಾಡಿದರು. ಅಚ್ಚಾದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಏನೋ ಬೋಳುಬೋಳು ಕಾಣ್ತಿದೆಯಲ್ಲ," ಎನ್ನುತ್ತಿದ್ದರು. ದೊಡ್ಡಪ್ಪ 'ಇದು ಮುದ್ರಿತ ಪ್ರತಿ' ಎಂದು ಒಂದು ದುಂಡನೆಯ ಸೀಲು ಕೊರೆದು, ಬೇಕೆಂದವರಿಗೆಲ್ಲ ಒತ್ತಿಕೊಟ್ಟರು. ಅದಕ್ಕೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಆದರೂ ಬೇಡ ಎಂದವರು ಒಬ್ಬರೂ ಇಲ್ಲ.

ಮಳೆಗಾಲ ಕಳೆದ ಮೇಲೆ ಸಮಿತಿಯವರು ಅವರನ್ನು ಸಲಹೆಗಾರರನ್ನಾಗಿ ಮಾಡಿಕೊಳ್ಳಲು ನಿರ್ಧರಿಸಿ ಫೋನಿಗೆ ಸಂದೇಶ ಕಳಿಸಿದರು: ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ, ಒಪ್ಪಿಗೆ ಸೂಚಿಸಲು ಈ ಕೊಂಡಿಯನ್ನು ಒತ್ತಿ.

ದೊಡ್ಡಪ್ಪ ಅದನ್ನು ಓದಿದವರೇ ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಬಂದರು. ಮರುದಿನ ತಜ್ಞರು ಫೋನು ಮಾಡಿದರು. ಡಬ್ಬಿ ಮೂರು ಸಲ ಅಲ್ಲಾಡಿದ ಮೇಲೆ ದೊಡ್ಡಮ್ಮ ಬೀಗ ತೆಗೆದು ಅವರ ಕೈಗೆ ಕೊಟ್ಟರು.

"ಸರ್, ಆ ಸಂದೇಶ ಕಳಿಸಿದ್ದು ನಾವೇ."

"ಎಲ್ಲ ಕಳ್ಳರೂ ಹಾಗೇ ಹೇಳೋದು."

"ಸರ್, ನಿಮ್ಮ ಹತ್ತೊಂಬತ್ತನೇ ಪುಟ ಅಂಗೀಕಾರ ಆಯ್ತಲ್ಲ, ಅದೇ ಸಮಿತಿ."

"ನೋಡಿ, ನನ್ನ ವಿವರ ಎಲ್ಲ ಸಂಗ್ರಹ ಮಾಡಿಟ್ಕೊಂಡಿದೀರ!" ಎಂದು ದೊಡ್ಡಪ್ಪ ಫೋನು ಇಟ್ಟುಬಿಟ್ಟರು. ಅರ್ಧ ಗಂಟೆಯ ಮೇಲೆ ತಜ್ಞರೇ ಮಹಡಿ ಇಳಿದು, ರಸ್ತೆ ದಾಟಿ ಬಂದು, ಬಾಗಿಲಲ್ಲಿ ನಿಂತರು. ದೊಡ್ಡಪ್ಪ ಅವರನ್ನು ಮೇಲಿಂದ ಕೆಳಗಿನವರೆಗೂ ನೋಡಿ, ಗುರುತಿನ ಚೀಟಿ ಕೇಳಿದರು. ಅವರು ಕೊಟ್ಟರು. ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗ ದೊಡ್ಡಮ್ಮ ಒಂದು ಸ್ಟೂಲು ಎಳೆದು ಹಾಕಿದರು.

"ಕೂತ್ಕೊಳ್ಳಿ ಸರ್," ಎಂದರು. "ಇದು ಹೊತ್ತಾಗತ್ತೆ."