ಕಸದ ಬುಟ್ಟಿಯಲ್ಲಿದ್ದ ಒಪ್ಪಿಗೆ

ಬಳ್ಳಾರಿಯ ಒಂದು ಅಕ್ಕಿ ವ್ಯಾಪಾರದ ಕಚೇರಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಸ್ವಂತದ ಮೇಲ್ ಸರ್ವರ್ ಕೂರಿಸಿದವಳು ನಾನೇ. ಕಸದ ಬುಟ್ಟಿಗೆ ಬಿದ್ದ ಮೇಲ್ ಮೂವತ್ತು ದಿನಕ್ಕಿಂತ ಹಳೆಯದಾಗಿದ್ದರೆ ತಾನಾಗಿ ಅಳಿಸಿಹೋಗಲಿ ಎಂಬ ನಿಯಮ ಬರೆದವಳೂ ನಾನೇ.

ಸಿರುಗುಪ್ಪದಲ್ಲಿರುವ ನಮ್ಮ ಗಿರಣಿಯ ಹಿರಿಯ ಗುಮಾಸ್ತರಿಗೆ ಹೊಸ ಕಂಪ್ಯೂಟರ್ ಕೊಟ್ಟು, ಹಳೆಯದರ ಮೇಲ್‌ಗಳನ್ನೆಲ್ಲ ಸರ್ವರ್‌ಗೆ ಏರಿಸಿದೆ. ಒಂದು ಫೋಲ್ಡರನ್ನೂ ತೆರೆದು ನೋಡಲಿಲ್ಲ. ಬೇರೆಯವರ ಪತ್ರ ನೋಡುವುದು ನನಗೆ ಹಿಡಿಸುವುದಿಲ್ಲ.

ವಾರದ ಬಳಿಕ ಅವರ ಫೋನ್ ಬಂತು. ಈ ಮಾದರಿಯ ಅಕ್ಕಿಯನ್ನು ನಾವು ಒಪ್ಪಿರಲೇ ಇಲ್ಲ ಎಂದು ಕೊಂಡವರು ಲಾರಿಗಳನ್ನು ತಡೆದಿದ್ದರು. ಒಪ್ಪಿಗೆ ಎರಡು ತಿಂಗಳ ಹಿಂದೆಯೇ ಮೇಲ್‌ನಲ್ಲಿ ಬಂದಿದೆ ಎಂಬ ಗುಮಾಸ್ತರ ಮಾತು ನಂಬಿಯೇ ನಮ್ಮ ಸಾಹುಕಾರರು ಲೋಡ್ ಮಾಡಿಸಿದ್ದು. ನಾಳೆ ಸಂಜೆಯೊಳಗೆ ಅದನ್ನು ತೋರಿಸದಿದ್ದರೆ ಕೆಲಸಕ್ಕೆ ಬರಬೇಡಿ ಎಂದಿದ್ದರಂತೆ.

“ಎಲ್ಲಿ ಇಟ್ಟಿದ್ರಿ ಸರ್?”

“ಕಸದ ಬುಟ್ಟ್ಯಾಗವ್ವಾ. ಮುಗಿದಿದ್ದೆಲ್ಲಾ ಅಲ್ಲೇ ಹಾಕ್ತೀನಿ. ಒಂದು ಗುಂಡಿ ಒತ್ತಿದ್ರ ಹೋಗಿ ಕುಂದರ್ತಾವ. ಹನ್ನೊಂದು ವರ್ಷದ್ದು ಐತಿ ಅಲ್ಲಿ. ಈಗ ನೋಡಿದ್ರ ಹಳೇದು ಏನೂ ಇಲ್ಲ.”

ಹಳೆಯ ಕಂಪ್ಯೂಟರಿನಲ್ಲಿ ಅವರ ಬುಟ್ಟಿ ಯಾರೂ ಖಾಲಿ ಮಾಡದ ಬೀರುವಾಗಿತ್ತು. ಸರ್ವರಿನ ಬುಟ್ಟಿಗೆ ಸೇರಿದ ಮರುದಿನವೇ ನನ್ನ ನಿಯಮ ಅದನ್ನು ಒರೆಸಿಹಾಕಿತ್ತು. ಸರ್ವರಿನ ಪ್ರತಿ ತೆಗೆದಿಡುವಾಗಲೂ ಬುಟ್ಟಿ ಬೇಡವೆಂದು ಬಿಟ್ಟಿದ್ದೆ. ಎಲ್ಲವನ್ನೂ ಹೇಳಿದೆ.

“ಕಸ ಅಂದ್ರ ಕಸ ಅಂತಾನೇ ತಿಳ್ಕೊಂಡಿಯಲ್ಲ, ಭಾಳ ಶಾಣ್ಯಾಕಿ ಅದಿಯವ್ವಾ,” ಎಂದರು.

ಹಳೆಯ ಕಂಪ್ಯೂಟರ್ ಕುರುಗೋಡಿನ ನಮ್ಮ ಗೋದಾಮಿಗೆ ಹೋಗಿತ್ತು. ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಗೋದಾಮು ನೋಡಿಕೊಳ್ಳುವಾಕೆ ಬೀಗ ತೆಗೆದಳು.

“ಮ್ಯಾಲಿಂದ ಧೂಳು ಒರಸೀನ್ರಿ. ಒಳಗಿಂದು ಏನೂ ಮುಟ್ಟಿಲ್ರಿ ಮೇಡಂ.”

ಚಾಲೂ ಮಾಡುವ ಮೊದಲು ನೆಟ್‌ವರ್ಕ್ ವೈರ್ ಕಿತ್ತೆ. ಸರ್ವರಿಗೆ ಹೊಂದಿಕೊಂಡು ಇದೂ ತನ್ನ ಬುಟ್ಟಿ ಖಾಲಿ ಮಾಡಿಕೊಂಡರೆ ಎಂಬ ಭಯ. ಹಳೆಯ ಮೇಲ್ ಪ್ರೋಗ್ರಾಂ ತೆರೆದುಕೊಳ್ಳುವವರೆಗೂ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಬುಟ್ಟಿ ತುಂಬಿತ್ತು. ಹುಡುಕಿದೆ. ಸಿಕ್ಕಿತು: ಮಾದರಿ ಸರಿ ಇದೆ, ಲೋಡ್ ಮಾಡಿ.

ಗುಮಾಸ್ತರಿಗೆ ಫೋನಿನಲ್ಲಿ ಓದಿ ಹೇಳಿದೆ.

“ಇನ್ನೊಮ್ಮೆ ಓದವ್ವಾ.”

ಓದಿದೆ.

“ಹಂಗಾರ ನಾ ಸುಳ್ಳು ಹೇಳಿಲ್ಲ. ನಿನ್ನಿಯಿಂದ ನನಗೇ ಅನುಮಾನ ಆಗಿತ್ತು. ಬಾರದ ಮೇಲ್ ಬಂತಂದ್ನೇನೋ, ವಯಸ್ಸಾತೇನೋ ಅಂತ.”

ಮೇಲ್ ಹೋದದ್ದಕ್ಕಿಂತ ಈ ಮಾತಿಗೆ ನಾನು ಹೆಚ್ಚು ಬೆಚ್ಚಿದೆ. ಒಪ್ಪಿಗೆಯ ಮೇಲ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಬಸ್ ನಿಲ್ದಾಣದಿಂದಲೇ ಸಾಹುಕಾರರಿಗೆ ಫೋನ್ ಮಾಡಿ, ಒಪ್ಪಿಗೆ ಬಂದಿದ್ದು ನಿಜ, ಅಳಿಸಿದ್ದು ನಾನು ಎಂದು ಹೇಳಿದೆ.