ಗಂಡನ ಸ್ವರ್ಗದಲ್ಲಿ ನನ್ನ ಜಾಗ

ನನ್ನ ಗಂಡನಿಗೆ ಸ್ವರ್ಗ ನರಕದ ಕಥೆ ಕಟ್ಟುವ ಚಾಳಿ ಇತ್ತು. ಸಂಜೆ ಜಪಸರದ ಪ್ರಾರ್ಥನೆ ಮುಗಿದ ಕೂಡಲೇ ಮೊಮ್ಮಕ್ಕಳನ್ನು ಕೂರಿಸಿಕೊಂಡು ಶುರು ಮಾಡುತ್ತಿದ್ದರು. ನರಕ ಅವರಿಗೆ ಕಷ್ಟವೇ ಅಲ್ಲ. ಬಿ.ಸಿ. ರೋಡ್ ಬಸ್‌ಸ್ಟ್ಯಾಂಡಿನ ಧೂಳು, ಏಪ್ರಿಲ್ ಬಿಸಿಲು, ತುಂಬಿ ತುಳುಕಿದರೂ ಹೊರಡದ ಮೂಡಬಿದ್ರೆ ಬಸ್ಸು. ಸೈತಾನನೇ ಕಂಡಕ್ಟರ್. ಇನ್ನೂ ಒಳಗೆ ಹೋಗಿ ಎಂದು ನೂಕುತ್ತಲೇ ಇರುತ್ತಾನೆ. ಮಕ್ಕಳಿಗೆ ನಗು.

ಸ್ವರ್ಗ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಅಲ್ಲೊಂದು ಹಂಚಿನ ಮನೆ, ಜಗಲಿಯಲ್ಲಿ ಅವರ ಮೊದಲ ಹೆಂಡತಿ ಕಾಯುತ್ತಾ ಕೂತಿರುತ್ತಿದ್ದಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಜ್ವರ ಬಂದು ಸತ್ತವಳು. ಅವಳಿಗೆ ವಯಸ್ಸಾಗಲಿಲ್ಲ, ಮಂಡಿ ನೋಯಲಿಲ್ಲ, ಗಂಡನ ಹತ್ತಿರ ಜಗಳ ಮಾಡಲು ಪುರುಸೊತ್ತೂ ಸಿಗಲಿಲ್ಲ. ಮಕ್ಕಳನ್ನು ಹೆತ್ತದ್ದು, ದನದ ಹಟ್ಟಿ ತೊಳೆದದ್ದು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದು ನಾನು. ಕಥೆಯಲ್ಲಿ ನಾನಿಲ್ಲ. ಕೇಳಿದರೆ ಮಕ್ಕಳ ಎದುರು ನಾಚಿಕೆಗೇಡು ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಹೋದ ವರ್ಷ ಅವರಿಗೆ ಕಾಯಿಲೆ ಜೋರಾಗಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಫಾದರ್ ಬಂದು ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದರು. ಹೊರಡುವಾಗ ಫಾದರನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದೆ, ಎರಡು ಸಲ ಮದುವೆಯಾದವನು ಮೇಲೆ ಯಾರ ಜೊತೆ ಇರುವುದು ಎಂದು. ಅಲ್ಲಿ ಗಂಡ ಹೆಂಡತಿ ಎಂಬುದೇ ಇಲ್ಲ, ಎಲ್ಲರೂ ದೇವದೂತರ ಹಾಗೆ ಎಂದರು. ಮದುವೆಯಾಗದ ಅವರಿಗೆ ಹಾಗೆ ಹೇಳುವುದು ಸುಲಭ.

ಒಳಗೆ ಬಂದು ಗಂಜಿ ಕುಡಿಸುತ್ತಾ ಗಂಡನನ್ನೇ ಕೇಳಿದೆ.

"ನಿಮ್ಮ ಸ್ವರ್ಗದ ಮನೆಯಲ್ಲಿ ನನಗೆ ಜಾಗ ಉಂಟಾ, ಇಲ್ವಾ?"

ಮೊದಲಿನವಳ ಮುಖ ಈಗ ಸರಿಯಾಗಿ ನೆನಪಾಗುವುದಿಲ್ಲ, ಕಥೆಯಲ್ಲಾದರೂ ಕೂರಿಸದಿದ್ದರೆ ಪೂರಾ ಮರೆತುಹೋಗುತ್ತಾಳೆ ಎಂದರು ಅವರು.

"ನೀನು ಎದುರಿಗೇ ಇದ್ದೀಯಲ್ಲ ಮಾರಾಯ್ತಿ. ನಿನ್ನ ಕಥೆ ಯಾಕೆ ಕಟ್ಟುವುದು?"

"ನೀವು ಹೋದ ಮೇಲೆ ಎದುರಿಗೆ ಇರ್ಲಿಕ್ಕಿಲ್ಲ."

"ಹಾಗಾದ್ರೆ ನೀನು ಬರುವವರೆಗೆ ನಿನ್ನ ಕಥೆ ಅವಳತ್ರ ಹೇಳ್ತೇನೆ."

ಅವಳದ್ದೂ ನನ್ನದೂ ಅಡುಗೆಕೋಣೆ ಬೇರೆ ಬೇರೆ ಇರಲಿ ಎಂದೆ. ಅವರು ನಗಲು ಹೋಗಿ ಗಂಜಿ ಗಲ್ಲಕ್ಕೆ ಇಳಿಯಿತು. ಒರೆಸಿದೆ.

ಅದೇ ವಾರ ತೀರಿಹೋದರು. ಇಗರ್ಜಿಯ ಸ್ಮಶಾನದಲ್ಲಿ ಹೊಸ ಜಾಗ ಕೇಳುವ ಎಂದ ಮಗ. ನಾನು ಬೇಡವೆಂದು ಮೊದಲಿನವಳ ಹಳೆಯ ಗೋರಿಯನ್ನೇ ತೆರೆಸಿ ಅವಳಿದ್ದಲ್ಲೇ ಮಲಗಿಸಿದೆ. ನನ್ನನ್ನೂ ಅಲ್ಲೇ ಹಾಕಬೇಕೆಂದು ಮಗನಿಗೆ ಹೇಳಿಟ್ಟಿದ್ದೇನೆ.