ಮಹಾಪುರುಷರ ಮರದ ಪಾದ

ಮೂವತ್ತೈದು ವರ್ಷ ಊರಿಗೆಲ್ಲ ಕಾಗದ ಹಂಚಿ ನಿವೃತ್ತನಾದ ಅಂಚೆಯಣ್ಣ, ಹಳೆಯ ಅಂಚೆ ಕಚೇರಿಯ ಎರಡು ಕೋಣೆಗಳಲ್ಲಿ ಊರಿನ ಮ್ಯೂಸಿಯಂ ನಡೆಸುತ್ತಿದ್ದ. ಜನ ಎಸೆಯಹೊರಟ ತಕ್ಕಡಿ, ಲಾಂದ್ರ, ಶಾಲೆಯ ಗಂಟೆಗಳನ್ನು ಕೇಳಿ ತಂದು, ಒರೆಸಿ, ಒಂದೊಂದಕ್ಕೂ ಚೀಟಿ ಬರೆದು ಇಟ್ಟಿದ್ದ. "ಊರಿನ ಗುಜರಿಯೆಲ್ಲ ನಿಮ್ಮ ಪಾಲಿಗೇ ಬಂತು" ಎಂದು ಹೆಂಡತಿ ನಗುತ್ತಿದ್ದಳು.

ತಿರುಪು ಇದ್ದ ಒಂದು ಮರದ ಪಾದ ಮಾತ್ರ ಅವನಿಗೆ ಒಗಟಾಗಿತ್ತು. ತಲೆ ಕೆರೆದುಕೊಂಡು, 'ಬಹುಶಃ ಮಹಾಪುರುಷರೊಬ್ಬರ ಪ್ರತಿಮೆಯ ಪಾದ' ಎಂದು ಬರೆದುಬಿಟ್ಟಿದ್ದ.

ಒಂದು ಭಾನುವಾರ ಮಗಳ ಜೊತೆ ಬಂದ ಮುದುಕಿಯೊಬ್ಬಳು ಆ ಚೀಟಿಯನ್ನು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮಹಾಪುರುಷರೂ ಇಲ್ಲ, ಮಣ್ಣೂ ಇಲ್ಲ! ಇದು ನಮ್ಮ ಯಜಮಾನ್ರದು ಕಣಪ್ಪ. ಬೂಟು ಹೊಲೀತಿದ್ರು. ಬಿಗಿಯಾದ ಬೂಟನ್ನ ಇದರಲ್ಲೇ ಸಡಿಲ ಮಾಡೋರು. ಎಲ್ಲಿ, ನಿನ್ನ ಬೂಟು ಬಿಚ್ಚು."

ಅಂಚೆಯಣ್ಣ ಒಂದು ಕಾಲಿನದನ್ನು ಬಿಚ್ಚಿಕೊಟ್ಟ. ಅವಳು ಮರದ ಪಾದವನ್ನು ಒಳಗೆ ತೂರಿಸಿ ತಿರುಪು ತಿರುಗಿಸಿದಳು. ಪಾದದ ಎರಡು ಹೋಳುಗಳು ದೂರ ಸರಿದವು, ಚರ್ಮ ಕಿರ್ರೆಂದಿತು.

"ಒಂದು ಗಂಟೆ ಹೀಗೇ ಇರ್ಲಿ" ಎಂದು ಕುರ್ಚಿ ಎಳೆದುಕೊಂಡು ಕೂತಳು.

ಆ ಒಂದು ಗಂಟೆ ಅಂಚೆಯಣ್ಣ ಒಂಟಿ ಬೂಟಿನಲ್ಲೇ ನಿಂತು ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡ: ಗಂಡನ ಅಂಗಡಿ ಎಲ್ಲಿತ್ತು, ಊರಲ್ಲಿ ಯಾರ ಕಾಲು ಎಲ್ಲರಿಗಿಂತ ದೊಡ್ಡದು, ಮದುಮಗನಿಗೆ ಬೂಟು ಕಚ್ಚಿದಾಗ ಗಂಡ ಈ ಪಾದ ಹಿಡಿದು ಮದುವೆಮನೆಗೇ ಓಡಿದ್ದು. ಆಮೇಲೆ ಹಳೆಯ ಚೀಟಿ ಹರಿದು, ಹೊಸದರಲ್ಲಿ ಅವಳ ಗಂಡನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಅವಳ ಕೈಯಿಂದಲೇ ಅಂಟಿಸಿದ.

"ಮುಂದಿನ ವಾರವೂ ಬನ್ನಿ ಅಮ್ಮ, ಇನ್ನೂ ಏನೇನು ತಪ್ಪು ಬರೆದಿದ್ದೀನೋ!"

"ಬರ್ತೀನಿ. ಆದ್ರೆ ಈ ಕುರ್ಚಿಗೊಂದು ದಿಂಬು ಹಾಕಿಡು" ಎಂದಳು ಮುದುಕಿ.